ಮಾತು ಕೇಳದ ಮಗು

ಕನ್ನಡದ ‘ಕೇಳು’ ಎಂಬ ಧಾತುವಿಗೆ ಅರ್ಥಗಳ ದೊಡ್ಡ ಸಂಸಾರವೇ ಇದೆ. ಕಿವಿಗೆ ಶಬ್ದ ಬೀಳುವುದೂ ಕೇಳುವುದೇ. ಪ್ರಶ್ನೆ ಹಾಕುವುದೂ ಕೇಳುವುದೇ. ಹಿರಿಯರು ಹೇಳಿದಂತೆ ನಡೆಯುವುದೂ ಕೇಳುವುದೇ. ‘ಗಂಟೆ ಕೇಳಿಸಿತೆ?’ ಎಂದಾಗ ಒಂದು ಅರ್ಥ, ‘ಲೆಕ್ಕ ಬಾರದಿದ್ದರೆ ಮೇಷ್ಟರನ್ನು ಕೇಳು’ ಎಂದಾಗ ಇನ್ನೊಂದು, ‘ಈ ಹುಡುಗ ಹೇಳಿದ ಮಾತು ಕೇಳುವುದಿಲ್ಲ’ ಎಂದಾಗ ಮತ್ತೊಂದು. ಭಾಷೆಯ ದೃಷ್ಟಿಯಿಂದ ಇದು ಸಂಪತ್ತು. ಆದರೆ ಮನೆಯಲ್ಲಿಯೂ ಶಾಲೆಯಲ್ಲಿಯೂ ಈ ಅರ್ಥಗಳು ಒಂದರೊಳಗೊಂದು ಬೆರೆತು ಮಕ್ಕಳ ಬೆನ್ನಿನ ಮೇಲೆ ಬೀಳುವುದುಂಟು. ಕರೆದರೆ ತಿರುಗಿ ನೋಡದ ಮಗುವನ್ನು ಕಂಡು ನಾವು ಮೊದಲು ಕಿವುಡೋ ಎಂದು ಶಂಕಿಸುತ್ತೇವೆ. ಮರುಗಳಿಗೆಯಲ್ಲಿ ಅದೇ ಮಗು ಅಡುಗೆಮನೆಯಲ್ಲಿ ಬಿಸ್ಕತ್ತಿನ ಪೊಟ್ಟಣ ಬಿಚ್ಚಿದ ಸದ್ದಿಗೆ ಓಡಿ ಬಂದರೆ, ಕಿವುಡಲ್ಲ, ಹಟಮಾರಿ ಎಂದು ತೀರ್ಪು ಕೊಟ್ಟುಬಿಡುತ್ತೇವೆ. ಕಿವಿ ಸರಿಯಾಗಿದೆ, ಆದ್ದರಿಂದ ದೋಷ ಸ್ವಭಾವದ್ದು ಎಂಬ ಈ ತರ್ಕ ನೋಡುವುದಕ್ಕೆ ಎಷ್ಟು ಸಲೀಸೋ ಮಗುವಿನ ಪಾಲಿಗೆ ಅಷ್ಟೇ ಕಠೋರವಾದುದು.

ಇಂಥ ತೀರ್ಪುಗಳು ನಮ್ಮ ಮನೆಗಳಲ್ಲಿ ದಿನದಿನವೂ ಹೊರಬೀಳುತ್ತಿರುತ್ತವೆ. ಮದುವೆಮನೆಯ ವಾಲಗ ಮೊದಲಾದೊಡನೆ ಕಿವಿ ಮುಚ್ಚಿಕೊಂಡು ಚೀರುವ ಮಗು ಅಂಜುಬುರುಕ. ಹೊಸ ಅಂಗಿಯ ಕೊರಳಿನಲ್ಲಿ ಹೊಲಿದ ಚೀಟಿ ಚುಚ್ಚುತ್ತದೆಂದು ಅಂಗಿಯನ್ನೇ ಕಿತ್ತೆಸೆಯುವ ಮಗು ಮೊಂಡ. ಕಲಸಿದ ಅನ್ನದ ತುತ್ತು ಬಾಯಿಗಿಟ್ಟರೆ ಓಕರಿಸುವ ಮಗು ನಾಲಗೆಯ ಚಪಲದ್ದು. ಕುಳಿತಲ್ಲಿ ಕುಳಿತಿರದೆ ಗಿರಗಿರನೆ ಸುತ್ತುತ್ತ ಗೋಡೆಗೂ ಮಂಚಕ್ಕೂ ಹಾಯುತ್ತಿರುವ ಮಗು ಕೋತಿ. ಹೆಸರಿಡುವುದರಲ್ಲಿ ನಾವು ತಡಮಾಡುವುದಿಲ್ಲ. ಕಣ್ಣು, ಕಿವಿ, ಚರ್ಮಗಳು ಚೆನ್ನಾಗಿಯೇ ಇದ್ದು, ಅವುಗಳ ಮೂಲಕ ಬಂದದ್ದನ್ನು ಒಳಗೆ ಬರಮಾಡಿಕೊಳ್ಳುವ, ಆಯುವ, ಹೊಂದಿಸುವ ಕ್ರಮ ಮಾತ್ರ ಒಂದು ಮಗುವಿನಿಂದ ಇನ್ನೊಂದಕ್ಕೆ ಬೇರೆಯಾಗಿರಬಹುದೆಂಬ ವಿಚಾರ ಮನುಷ್ಯನಿಗೆ ಸುಲಭವಾಗಿ ಹೊಳೆಯಲಿಲ್ಲ. ಹೊಳೆದ ಮೇಲೂ ಅದನ್ನು ಪರೀಕ್ಷಿಸಿ ನೋಡುವ ದಾರಿ ಸಿಕ್ಕುವುದಕ್ಕೆ ಸುಮಾರು ಎರಡು ಶತಮಾನಗಳೇ ಬೇಕಾದವು. ಆ ಎರಡು ಶತಮಾನಗಳ ಕಥೆ ಹೆತ್ತವರೂ ಉಪಾಧ್ಯಾಯರೂ ತಿಳಿದಿರಬೇಕಾದ ಕಥೆ.

ನೋಡುವ ಕಣ್ಣಿಗೂ ಕಾಣುವ ಅರಿವಿಗೂ ನಡುವೆ ಒಂದು ಅಂತರವಿದೆಯೆಂಬುದು ನಮ್ಮ ಪ್ರಾಚೀನರಿಗೆ ತಿಳಿಯದ ಸಂಗತಿಯಲ್ಲ. ಮನಸ್ಸು ಬೇರೆಡೆಯಲ್ಲಿದ್ದರೆ ಕಣ್ಣು ತೆರೆದಿದ್ದೂ ಕಾಣದು, ಕಿವಿಯಿದ್ದೂ ಕೇಳದು ಎಂಬ ಅನುಭವವನ್ನು ಬೃಹದಾರಣ್ಯಕೋಪನಿಷತ್ತು ಗುರುತಿಸಿದೆ. ಐದು ಇಂದ್ರಿಯಗಳೂ ಏಕಕಾಲದಲ್ಲಿ ವಿಷಯಗಳನ್ನು ಮುಟ್ಟುತ್ತಿದ್ದರೂ ಎಲ್ಲ ಜ್ಞಾನಗಳೂ ಒಟ್ಟಿಗೆ ಏಕೆ ಹುಟ್ಟುವುದಿಲ್ಲ ಎಂದು ನೈಯಾಯಿಕರು ಪ್ರಶ್ನಿಸಿ, ಅದರಿಂದಲೇ ಮನಸ್ಸೆಂಬ ಒಳಗಿನ ಇಂದ್ರಿಯವೊಂದುಂಟೆಂದು ಊಹಿಸಿದರು. ಕನ್ನಡದ ಆಡುಮಾತಿನಲ್ಲಿಯೂ ‘ಕಿವಿಗೆ ಬಿತ್ತು’ ಎಂಬುದು ಬೇರೆ, ‘ಕಿವಿಗೊಟ್ಟ’ ಎಂಬುದು ಬೇರೆ. ಆದರೆ ಆ ದಾರ್ಶನಿಕರ ಮುಂದಿದ್ದ ಪ್ರಶ್ನೆ ಜ್ಞಾನ ಹೇಗೆ ಹುಟ್ಟುತ್ತದೆ ಎಂಬುದು. ಈ ಮಗುವಿಗೆ ಲೋಕ ಹೇಗೆ ತಟ್ಟುತ್ತಿದೆ ಎಂಬುದಲ್ಲ. ಆ ಎರಡನೆಯ ಪ್ರಶ್ನೆ ಚರಿತ್ರೆಯಲ್ಲಿ ಸ್ಪಷ್ಟವಾಗಿ ಏಳುವುದು ಕಾಡಿನಿಂದ ಬಂದ ಒಬ್ಬ ಹುಡುಗನ ನಿಮಿತ್ತವಾಗಿ.

೧೮೦೦ನೆಯ ಇಸವಿಯ ಜನವರಿ ತಿಂಗಳ ಚಳಿಯಲ್ಲಿ, ದಕ್ಷಿಣ ಫ್ರಾನ್ಸಿನ ಅವೆರೋನ್ ಪ್ರಾಂತದ ಸೇಂಟ್ ಸೆರ್ನಿನ್ ಎಂಬ ಊರಿಗೆ ಹನ್ನೊಂದು ಹನ್ನೆರಡು ವರ್ಷದ ಹುಡುಗನೊಬ್ಬ ಕಾಡಿನಿಂದ ಇಳಿದು ಬಂದನು. ಮೈಯೆಲ್ಲ ಗಾಯದ ಕಲೆಗಳು, ಬಾಯಲ್ಲಿ ಮಾತಿಲ್ಲ. ಅದಕ್ಕೆ ಎರಡು ಮೂರು ವರ್ಷ ಹಿಂದಿನಿಂದಲೂ ಲಕೋನ್ ಎಂಬ ಸ್ಥಳದ ಕಾಡುಗಳಲ್ಲಿ ಜನ ಅವನನ್ನು ಕಂಡಿದ್ದರು, ಹಿಡಿದೂ ಇದ್ದರು, ಅವನು ತಪ್ಪಿಸಿಕೊಂಡಿದ್ದನು. ಫ್ರಾನ್ಸಿನ ಮಹಾಕ್ರಾಂತಿ ಮುಗಿದ ಹೊಸದು. ಮನುಷ್ಯನ ಜ್ಞಾನವೆಲ್ಲ ಇಂದ್ರಿಯಗಳ ದ್ವಾರದಿಂದಲೇ ಬರತಕ್ಕದ್ದು ಎಂದು ವಾದಿಸಿದ ಕೊಂಡಿಯಾಕನ ಸಿದ್ಧಾಂತ ಪಂಡಿತವರ್ಗದಲ್ಲಿ ಮನ್ನಣೆ ಪಡೆದಿದ್ದ ಕಾಲ. ಸಮಾಜದ ಸಂಪರ್ಕವಿಲ್ಲದೆ ಬೆಳೆದ ಮಗುವೆಂದರೆ ಆ ಸಿದ್ಧಾಂತವನ್ನು ಒರೆಗೆ ಹಚ್ಚುವ ಅವಕಾಶವೆಂದು ತಿಳಿದು ಅವನನ್ನು ಪ್ಯಾರಿಸ್ ನಗರಕ್ಕೆ ಕರೆತಂದು ಕಿವುಡುಮೂಗರ ಸಂಸ್ಥೆಯಲ್ಲಿರಿಸಿದರು. ಹುಚ್ಚರ ಸಂಕಲೆ ಬಿಡಿಸಿದವನೆಂದು ಹೆಸರಾದ ವೈದ್ಯ ಪಿನೆಲನು ಅವನನ್ನು ನೋಡಿ, ತನ್ನ ಆಸ್ಪತ್ರೆಗಳಲ್ಲಿದ್ದ ಬುದ್ಧಿಮಾಂದ್ಯದ ಮಕ್ಕಳೊಡನೆ ಹೋಲಿಸಿ, ಇವನೂ ಅವರಂತೆಯೇ, ಸುಧಾರಣೆಯ ಆಸೆಯಿಲ್ಲ ಎಂದನು. ಆ ಮಾತನ್ನು ಒಪ್ಪದವನು ಅದೇ ಸಂಸ್ಥೆಯ ತರುಣ ವೈದ್ಯ, ಇಪ್ಪತ್ತಾರು ವರ್ಷದ ಇತಾರ್. ಹುಡುಗನಿಗೆ ವಿಕ್ಟರ್ ಎಂದು ಹೆಸರಿಟ್ಟು ಸುಮಾರು ಐದು ವರ್ಷಗಳ ಕಾಲ ಅವನನ್ನು ತಿದ್ದುವುದಕ್ಕೆ ಶ್ರಮಪಟ್ಟವನು ಈತನೇ.

ಇತಾರ್ ೧೮೦೧ರಲ್ಲಿ ಬರೆದ ವರದಿಯಲ್ಲಿ ಒಂದು ಸಂಗತಿಯಿದೆ. ವಿಕ್ಟರನ ಕಿವಿಯ ಬಳಿ ಪಿಸ್ತೂಲು ಹಾರಿಸಿದರೂ ಅವನು ಬೆಚ್ಚುತ್ತಿರಲಿಲ್ಲ. ಅವನ ಬೆನ್ನ ಹಿಂದೆ ಯಾರಾದರೂ ಮೆಲ್ಲಗೆ ಒಂದು ಅಕ್ರೋಟು ಕಾಯನ್ನು ಒಡೆದರೆ ಥಟ್ಟನೆ ತಿರುಗುತ್ತಿದ್ದನು. ಅಕ್ರೋಟು ಅವನಿಗೆ ಪ್ರಿಯವಾದ ತಿನಿಸು. ಕುದಿಯುವ ನೀರಿನಿಂದ ಆಲೂಗೆಡ್ಡೆಯನ್ನು ಬರಿಗೈಯಿಂದ ತೆಗೆದುಕೊಳ್ಳುತ್ತಿದ್ದನು. ಮೂಗಿಗೆ ನಶ್ಯ ತುಂಬಿದರೂ ಸೀನುತ್ತಿರಲಿಲ್ಲ. ಆದರೂ ತಿನ್ನುವ ಪ್ರತಿಯೊಂದು ಪದಾರ್ಥವನ್ನೂ ಮೂಸಿ ನೋಡದೆ ಬಾಯಿಗಿಡುತ್ತಿರಲಿಲ್ಲ. ಹಿಮ ಬಿದ್ದ ಒಂದು ಬೆಳಗ್ಗೆ ಅರೆಬತ್ತಲೆಯಾಗಿ ತೋಟಕ್ಕೆ ಓಡಿ, ಹಿಮದಲ್ಲಿ ಹೊರಳಿ, ಬೊಗಸೆ ಬೊಗಸೆಯಾಗಿ ಬಾಯಿಗೆ ತುಂಬಿಕೊಂಡು ಹಿಗ್ಗಿದನು. ಕಿವುಡರ ವೈದ್ಯನಾದ ಇತಾರನಿಗೆ ಇದರ ಅರ್ಥ ಹೊಳೆಯಿತು. ಇಂದ್ರಿಯಗಳು ಕೆಟ್ಟಿಲ್ಲ, ಯಾವುದಕ್ಕೆ ಬಾಗಿಲು ತೆರೆಯಬೇಕು, ಯಾವುದಕ್ಕೆ ಮುಚ್ಚಬೇಕು ಎಂಬ ಏರ್ಪಾಡು ಈ ಹುಡುಗನಲ್ಲಿ ಬೇರೆ ರೀತಿಯದು. ಕಿವಿ ಕೇಳುವುದಕ್ಕೂ ಹುಡುಗ ಕೇಳುವುದಕ್ಕೂ ಇರುವ ವ್ಯತ್ಯಾಸವನ್ನು ಒಬ್ಬ ನಿರ್ದಿಷ್ಟ ಮಗುವಿನಲ್ಲಿ ಕಂಡು, ಸಂದರ್ಭ ಸಹಿತವಾಗಿ ಬರೆದಿಟ್ಟ ಆದ್ಯರಲ್ಲಿ ಇತಾರ್ ಒಬ್ಬನು.

ಕಂಡದ್ದನ್ನು ಅವನು ಚಿಕಿತ್ಸೆಯಾಗಿ ಮಾರ್ಪಡಿಸಿದನು. ದಿನವೂ ಎರಡು ಮೂರು ಗಂಟೆಗಳ ಕಾಲ ಬಿಸಿನೀರಿನ ಸ್ನಾನ, ಮೈ ತಿಕ್ಕುವುದು, ಬೆಚ್ಚನೆಯ ಉಡುಪು. ಕೆಲವು ತಿಂಗಳಲ್ಲಿ ವಿಕ್ಟರ್ ಸ್ನಾನಕ್ಕೆ ಮೊದಲು ನೀರಿಗೆ ಬೆರಳಿಟ್ಟು ನೋಡಿ, ಸಾಕಷ್ಟು ಬೆಚ್ಚಗಿಲ್ಲದಿದ್ದರೆ ಇಳಿಯುವುದಿಲ್ಲವೆಂದನು. ಒಂದು ದಿನ ಸೀನಿದನು; ತನ್ನ ಸೀನಿಗೆ ತಾನೇ ಹೆದರಿದನು. ನಯ ಒರಟುಗಳನ್ನು ಕೈಯಿಂದ, ಹುಳಿ ಸಿಹಿಗಳನ್ನು ನಾಲಗೆಯಿಂದ ಬೇರ್ಪಡಿಸುವುದನ್ನು ಕಲಿತನು. ಅಕ್ಷರಗಳನ್ನು ಜೋಡಿಸಿ ಹಾಲು ಎಂಬ ಅರ್ಥದ ಫ್ರೆಂಚ್ ಪದವನ್ನು ರಚಿಸಿ ತೋರಿಸಿದನು. ಇದು ಕಥೆಯ ಒಂದು ಮುಖ.

ಇನ್ನೊಂದು ಮುಖವನ್ನೂ ಇತಾರ್ ಮುಚ್ಚಿಡದೆ ಬರೆದಿದ್ದಾನೆ. ಶ್ರವಣದ ಅಭ್ಯಾಸಕ್ಕಾಗಿ ಹುಡುಗನ ಕಣ್ಣಿಗೆ ಬಟ್ಟೆ ಕಟ್ಟಿ ಗಂಟೆ, ಡೋಲುಗಳ ಸದ್ದನ್ನು ಗುರುತಿಸಲು ಕಲಿಸಿದನು. ಕಣ್ಣು ಕಟ್ಟಿದರೆ ವಿಕ್ಟರನಿಗೆ ಎಲ್ಲಿಲ್ಲದ ನಗು. ಆಟವೆಂದು ತಿಳಿದು ನಲಿಯುತ್ತಿದ್ದ ಅವನನ್ನು ಗಂಭೀರನನ್ನಾಗಿ ಮಾಡಲು ಗುರುವು ತಪ್ಪಿದಾಗಲೆಲ್ಲ ಬೆರಳಿಗೆ ಡೋಲಿನ ಕೋಲಿನಿಂದ ಒಂದು ಏಟು ಕೊಟ್ಟನು. ನಗು ನಿಂತಿತು; ಅದರ ಜೊತೆಗೆ ಪಾಠವೂ ನಿಂತಿತು. ಹೆದರಿಕೆ ಅವನ ಕಿವಿಯನ್ನು ನಗುವಿಗಿಂತ ಬಿಗಿಯಾಗಿ ಮುಚ್ಚಿತು. ಮತ್ತೊಮ್ಮೆ ಪಾಠಕ್ಕೆ ಒಪ್ಪದೆ ರೇಗಾಡಿದಾಗ, ಅವನಿಗೆ ಎತ್ತರದ ಭಯವಿದೆಯೆಂದು ತಿಳಿದೇ, ಮೇಲುಮಹಡಿಯ ಕಿಟಕಿಯಿಂದ ಹೊರಗೆ ಅವನನ್ನು ತಲೆಕೆಳಗಾಗಿ ಹಿಡಿದನು. ಹುಡುಗ ಬಿಳಿಚಿ, ನಡುಗಿ, ಒಳಗೆ ಬಂದು ಪಾಠದ ಹಲಗೆಗಳನ್ನು ಜೋಡಿಸಿ, ಆಮೇಲೆ ಹಾಸಿಗೆಯ ಮೇಲೆ ಬಿದ್ದು ಅತ್ತನು. ‘ಮಾತು ಕೇಳು’ ಎಂಬುದರ ಒಂದು ಅರ್ಥವನ್ನು ಅಷ್ಟು ಸೂಕ್ಷ್ಮವಾಗಿ ಕಂಡ ವೈದ್ಯನೇ ಇನ್ನೊಂದು ಅರ್ಥಕ್ಕೆ ಹೀಗೆ ಜಾರಿದನು. ಮಗುವಿನ ಭಿನ್ನತೆಯನ್ನು ಅರಿತವರೂ ಅವಸರದಲ್ಲಿ ಅದನ್ನು ಮರೆಯಬಲ್ಲರೆಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಕಿಲ್ಲ.

ವಿಕ್ಟರನಿಗೆ ಕೊನೆಗೂ ಮಾತು ಬರಲಿಲ್ಲ. ೧೮೦೬ರಲ್ಲಿ ಇತಾರ್ ಎರಡನೆಯ ವರದಿ ಬರೆದು ತನ್ನ ಪ್ರಯತ್ನವನ್ನು ನಿಲ್ಲಿಸಿದನು. ಮೊದಲಿನಿಂದಲೂ ಹುಡುಗನಿಗೆ ಉಣಿಸಿ ತಿನಿಸಿ, ಅವನ ಮನಸ್ಸು ಕಂಡು ನಡೆಯುತ್ತಿದ್ದ ಮದಾಂ ಗೆರೆ ಎಂಬ ಹೆಂಗಸು ಮಾತ್ರ ಅವನನ್ನು ಬಿಡಲಿಲ್ಲ. ಅವಳ ಆಶ್ರಯದಲ್ಲಿಯೇ ಇದ್ದು ವಿಕ್ಟರ್ ೧೮೨೮ರಲ್ಲಿ ತೀರಿಕೊಂಡನು. ಅವನು ಇಂದಿನ ಪರಿಭಾಷೆಯ ಆಟಿಸಂ ಉಳ್ಳವನಾಗಿದ್ದನೆಂದು ಕೆಲವರು, ಅಲ್ಲವೆಂದು ಕೆಲವರು ಇಪ್ಪತ್ತನೆಯ ಶತಮಾನದಲ್ಲಿ ವಾದಿಸಿದ್ದಾರೆ. ಎರಡು ನೂರು ವರ್ಷಗಳಾಚೆಯ ಹುಡುಗನಿಗೆ ರೋಗಪತ್ರ ಬರೆಯುವ ಗೋಜು ನಮಗೆ ಬೇಡ. ಉಳಿದದ್ದು ಆ ವರದಿಗಳು. ಅವು ಮುಂದೆ ಎರಡು ದಾರಿಗಳಲ್ಲಿ ಫಲಿಸಿದವು.

ಒಂದು ದಾರಿ ಶಿಕ್ಷಣದ್ದು. ಇತಾರನ ಶಿಷ್ಯ ಸೆಗೆ ಎಂಬಾತನು ಬುದ್ಧಿಮಾಂದ್ಯದ ಮಕ್ಕಳಿಗೆ ಮೊದಲು ಸ್ನಾಯುಗಳ, ಆಮೇಲೆ ಇಂದ್ರಿಯಗಳ, ಅನಂತರ ವಿಚಾರಗಳ ಶಿಕ್ಷಣವೆಂಬ ಕ್ರಮವನ್ನು ಕಟ್ಟಿ ೧೮೪೬ರಲ್ಲಿ ಗ್ರಂಥ ಬರೆದನು. ಆಮೇಲೆ ಅಮೆರಿಕಕ್ಕೆ ಹೋಗಿ ನೆಲೆಸಿದನು. ಅವನೂ ಇತಾರನೂ ಬರೆದದ್ದನ್ನು ಇಟಲಿಯ ವೈದ್ಯೆ ಮರಿಯಾ ಮಾಂಟೆಸ್ಸೊರಿಯವರು ತಮ್ಮ ಕೈಯಿಂದಲೇ ಇಟಾಲಿಯನ್ ಭಾಷೆಗೆ ಅನುವಾದಿಸಿ, ಪ್ರತಿ ಮಾಡಿಕೊಂಡು ಅಭ್ಯಾಸ ಮಾಡಿದರು. ೧೯೦೭ರಲ್ಲಿ ರೋಮ್ ನಗರದ ಬಡಜನರ ವಸತಿಯಲ್ಲಿ ಅವರು ತೆರೆದ ಮಕ್ಕಳ ಮನೆಯಲ್ಲಿ ನಯ ಒರಟಿನ ಹಲಗೆಗಳು, ತೂಕದ ಬಿಲ್ಲೆಗಳು, ಅಲುಗಿಸಿದರೆ ಬೇರೆಬೇರೆ ಸದ್ದು ಮಾಡುವ ಡಬ್ಬಿಗಳು ಬಂದವು. ೧೯೩೯ರಲ್ಲಿ ಅವರು ಮದರಾಸಿಗೆ ಬಂದು, ಯುದ್ಧಕಾಲವನ್ನು ಅಡ್ಯಾರಿನಲ್ಲಿಯೂ ಕೊಡೈಕನಾಲಿನಲ್ಲಿಯೂ ಕಳೆದು, ನೂರಾರು ಉಪಾಧ್ಯಾಯರಿಗೆ ತಮ್ಮ ಪದ್ಧತಿಯನ್ನು ಕಲಿಸಿದರು. ಇಂದು ನಮ್ಮ ಪ್ರತಿಯೊಂದು ಬಡಾವಣೆಯಲ್ಲಿಯೂ ‘ಮಾಂಟೆಸ್ಸೊರಿ’ ಎಂಬ ಫಲಕ ಕಾಣುತ್ತದೆ. ಅಲ್ಲಿನ ಮಗು ಕಣ್ಣು ಮುಚ್ಚಿ ಸವರಿ ನೋಡುವ ಹಲಗೆಯ ವಂಶಾವಳಿ ಅವೆರೋನಿನ ಹುಡುಗನವರೆಗೆ ಹೋಗುತ್ತದೆಂಬುದನ್ನು ನೆನೆಯುವವರು ವಿರಳ.

ಇನ್ನೊಂದು ದಾರಿ ಅಳತೆಯದು. ಇತಾರ್ ತಾನೇ ಕೇಳುವಿಕೆಯನ್ನು ಅಳೆಯಲು ತಾಮ್ರದ ಬಳೆಯೊಂದಕ್ಕೆ ಲೋಲಕ ಬಡಿಯುವ ಸಾಧನವನ್ನು ರೂಪಿಸಿದ್ದನು. ಜರ್ಮನಿಯಲ್ಲಿ ವೇಬರನು ಚರ್ಮದ ಮೇಲೆ ಕೈವಾರದ ಎರಡು ಮೊನೆಗಳನ್ನಿಟ್ಟು, ಅವು ಎಷ್ಟು ಹತ್ತಿರವಾದರೆ ಒಂದೇ ಎನ್ನಿಸುತ್ತದೆಂದು ಲೆಕ್ಕ ಹಾಕಿದನು. ಇಂಗ್ಲೆಂಡಿನ ಗಾಲ್ಟನ್ ಇನ್ನೂ ಮುಂದೆ ಹೋಗಿ, ಬುದ್ಧಿಗೆ ಬರುವುದೆಲ್ಲ ಇಂದ್ರಿಯದಿಂದ ಬರುವುದಾದರೆ ಚುರುಕಾದ ಇಂದ್ರಿಯವೇ ಚುರುಕಾದ ಬುದ್ಧಿಯ ಗುರುತು ಎಂದು ನಂಬಿ, ೧೮೮೪ರ ಲಂಡನ್ ಆರೋಗ್ಯ ಪ್ರದರ್ಶನದಲ್ಲಿ ಒಂದು ಪ್ರಯೋಗಶಾಲೆಯನ್ನೇ ತೆರೆದನು. ಮೂರು ಪೆನ್ನಿ ತೆತ್ತು ಒಂಬತ್ತು ಸಾವಿರಕ್ಕೂ ಹೆಚ್ಚು ಜನ ತಮ್ಮ ನೋಟ, ಶ್ರವಣ, ಹಿಡಿತದ ಬಲಗಳನ್ನು ಅಳೆಸಿಕೊಂಡು ಹೋದರು. ಈ ನಂಬಿಕೆ ಹೆಚ್ಚು ಕಾಲ ಬಾಳಲಿಲ್ಲ. ೧೯೦೧ರಲ್ಲಿ ಅಮೆರಿಕದ ಕೊಲಂಬಿಯಾ ವಿದ್ಯಾಲಯದಲ್ಲಿ ವಿಸ್ಲರ್ ಎಂಬವರು ಇಂಥ ಪರೀಕ್ಷೆಗಳ ಫಲವನ್ನೂ ವಿದ್ಯಾರ್ಥಿಗಳ ತರಗತಿಯ ಅಂಕಗಳನ್ನೂ ಹೋಲಿಸಿ ನೋಡಿದಾಗ ಎರಡಕ್ಕೂ ಸಂಬಂಧವೇ ಇಲ್ಲವೆಂಬಷ್ಟು ಕಡಿಮೆಯೆಂದು ತಿಳಿಯಿತು. ೧೯೦೫ರಲ್ಲಿ ಬಿನೆ ಮತ್ತು ಸಿಮೋನ್ ತೀರ್ಮಾನಶಕ್ತಿ, ನೆನಪು, ತಿಳಿವಳಿಕೆಗಳನ್ನು ಆಧರಿಸಿದ ಹೊಸ ಬುದ್ಧಿಪರೀಕ್ಷೆಯನ್ನು ರಚಿಸಿದರು. ಲೋಕ ಅದರ ಹಿಂದೆ ಹೋಯಿತು.

ಗಾಲ್ಟನ್ನನ ತಪ್ಪು ತಿದ್ದಿದ್ದು ಒಳ್ಳೆಯದೇ ಆಯಿತು. ಆದರೆ ಇಂದ್ರಿಯಗಳು ಬುದ್ಧಿಯ ಅಳತೆಗೋಲಾಗಲಾರವೆಂದು ಗೊತ್ತಾದೊಡನೆ, ಮಕ್ಕಳ ಪರೀಕ್ಷೆಯಿಂದ ಅವುಗಳನ್ನು ಹೆಚ್ಚುಕಡಿಮೆ ಹೊರಗೆ ಹಾಕಿದಂತಾಯಿತು. ಕಣ್ಣಿನ ವೈದ್ಯ ಕಣ್ಣನ್ನು, ಕಿವಿಯ ವೈದ್ಯ ಕಿವಿಯನ್ನು ನೋಡಿ ಸರಿಯಾಗಿದೆಯೆಂದರೆ ಮುಗಿಯಿತು. ಉಳಿದದ್ದು ಮಗುವಿನ ಬುದ್ಧಿಗೆ ಅಥವಾ ನಡತೆಗೆ ಸೇರಿದ್ದು. ನಡುವಣ ವಿಶಾಲವಾದ ಪ್ರದೇಶಕ್ಕೆ ಯಜಮಾನರೇ ಇಲ್ಲವಾದರು.

ಅದೇ ಕಾಲದಲ್ಲಿ ಶರೀರವಿಜ್ಞಾನಿಗಳು ಇಂದ್ರಿಯಗಳ ಪಟ್ಟಿಯನ್ನು ಬೆಳೆಸುತ್ತಿದ್ದರೆಂಬುದು ಗಮನಾರ್ಹ. ೧೮೨೦ರ ದಶಕದಲ್ಲಿ ಫ್ಲೂರಾನ್ ಎಂಬ ಫ್ರೆಂಚ್ ವಿಜ್ಞಾನಿ ಪಾರಿವಾಳಗಳ ಒಳಕಿವಿಯ ಅರ್ಧವರ್ತುಲ ನಾಳಗಳನ್ನು ಕತ್ತರಿಸಿದಾಗ ಅವುಗಳ ಶ್ರವಣ ಹೋಗಲಿಲ್ಲ, ಮೈಯ ಸಮತೋಲ ಹೋಯಿತು. ಕಿವಿಯೊಳಗೆ ಕೇಳುವ ಅಂಗದ ಪಕ್ಕದಲ್ಲಿಯೇ ಚಲನೆಯನ್ನೂ ತೂಕವನ್ನೂ ಅರಿಯುವ ಅಂಗವಿದೆಯೆಂದು ಕ್ರಮೇಣ ಸ್ಪಷ್ಟವಾಯಿತು. ೧೯೦೬ರಲ್ಲಿ ಇಂಗ್ಲೆಂಡಿನ ಷೆರಿಂಗ್ಟನ್ ಅವರು ಸ್ನಾಯು, ಕೀಲುಗಳಿಂದ ಮೆದುಳಿಗೆ ಹೋಗುವ ಸುದ್ದಿಗೆ ಬೇರೆಯೇ ಹೆಸರು ಕೊಟ್ಟರು. ಕತ್ತಲೆಯಲ್ಲಿಯೂ ತುತ್ತು ಬಾಯಿಗೇ ಹೋಗುವುದು, ಮೂಗಿಗೆ ಹೋಗದಿರುವುದು ಇದರ ಕೃಪೆ. ನಮ್ಮ ಶಾಸ್ತ್ರಗಳು ಎಣಿಸಿದ ಐದು ಜ್ಞಾನೇಂದ್ರಿಯಗಳ ಜೊತೆಗೆ ಈ ಎರಡನ್ನೂ ಸೇರಿಸಿ ನೋಡಿದರೆ, ಪೆನ್ಸಿಲನ್ನು ಮುರಿಯುವಷ್ಟು ಒತ್ತಿ ಬರೆಯುವ ಮಗುವೂ ಮೆಟ್ಟಿಲಿಳಿಯಲು ಅಂಜುವ ಮಗುವೂ ಸೋಮಾರಿಯಾಗಿಯೋ ಪುಕ್ಕಲಾಗಿಯೋ ತೋರುವುದಿಲ್ಲ. ಒಳಗಿನ ಸುದ್ದಿ ಅವಕ್ಕೆ ಸರಿಯಾದ ಅಳತೆಯಲ್ಲಿ ತಲಪುತ್ತಿಲ್ಲವೇನೋ ಎಂಬ ಪ್ರಶ್ನೆ ಏಳುತ್ತದೆ.

೧೯೪೩ರಲ್ಲಿ ಇತಾರನ ಅಕ್ರೋಟು ಮತ್ತೊಮ್ಮೆ ಸದ್ದು ಮಾಡಿತು. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಲಿಯೋ ಕ್ಯಾನರ್ ಎಂಬ ಮಕ್ಕಳ ಮನೋವೈದ್ಯರು ಹನ್ನೊಂದು ಮಕ್ಕಳನ್ನು ಕುರಿತು ಬರೆದ ಲೇಖನ ಆಟಿಸಂ ಎಂಬ ಸ್ಥಿತಿಯ ಮೊದಲ ವರ್ಣನೆಗಳಲ್ಲೊಂದೆಂದು ಪ್ರಸಿದ್ಧವಾಗಿದೆ. ಆ ಮಕ್ಕಳಲ್ಲಿ ಕೆಲವರನ್ನು ಕಿವುಡರೆಂದೇ ಮನೆಯವರು ತಿಳಿದಿದ್ದರು. ಆದರೆ ಕಸ ಹೀರುವ ಯಂತ್ರದ ಮೊರೆತ, ಲಿಫ್ಟಿನ ಸದ್ದುಗಳು ಅಂಥ ಮಕ್ಕಳನ್ನು ಭಯದಿಂದ ನಡುಗಿಸುತ್ತಿದ್ದವು. ವಿಚಿತ್ರವೆಂದರೆ, ಅಷ್ಟೇ ದೊಡ್ಡ ಸದ್ದನ್ನು ತಾನೇ ಮಾಡುವಾಗ ಮಗು ಸಂತೋಷವಾಗಿರುತ್ತಿತ್ತು ಎಂದು ಕ್ಯಾನರ್ ಗುರುತಿಸಿದ್ದಾರೆ. ಹಾಗಿದ್ದರೆ ದೋಷ ಸದ್ದಿನ ಗಾತ್ರದಲ್ಲಿ ಮಾತ್ರವಿಲ್ಲ. ಅದು ಯಾವಾಗ, ಎಲ್ಲಿಂದ, ಹೇಳದೆ ಕೇಳದೆ ಬಂದಿತೇ ಎಂಬುದರಲ್ಲಿಯೂ ಇದೆ. ಆದರೂ ಆ ಕಾಲದ ವೈದ್ಯರ ಲಕ್ಷ್ಯ ಮಗುವಿನ ಒಂಟಿತನದ ಕಡೆಗೆ, ತಾಯಿತಂದೆಗಳ ಸ್ವಭಾವದ ಕಡೆಗೆ ಹರಿಯಿತು. ತಾಯಿಯ ಪ್ರೀತಿ ತಣ್ಣಗಿದ್ದುದರಿಂದ ಮಗು ಹೀಗಾಯಿತೆಂಬ ಅನ್ಯಾಯದ ಮಾತು ಹಲವು ವರ್ಷ ಚಲಾವಣೆಯಲ್ಲಿದ್ದು, ಎಷ್ಟೋ ತಾಯಂದಿರನ್ನು ಕೊರಗಿಸಿತು. ಆ ಮಾತಿಗೆ ಆಧಾರವಿಲ್ಲವೆಂದು ಇಂದು ನಿಸ್ಸಂದೇಹವಾಗಿ ತಿಳಿದಿದೆ.

ಯಜಮಾನರಿಲ್ಲದ ಆ ನಡುವಣ ಪ್ರದೇಶಕ್ಕೆ ಕಾಲಿಟ್ಟವರು ಜೀನ್ ಏರ್ಸ್ ಎಂಬ ಮಹಿಳೆ. ೧೯೨೦ರಲ್ಲಿ ಕ್ಯಾಲಿಫೋರ್ನಿಯದ ಒಕ್ಕಲು ಮನೆತನದಲ್ಲಿ ಹುಟ್ಟಿದ ಇವರು ಆಕ್ಯುಪೇಷನಲ್ ಥೆರಪಿ ಎಂಬ ಶಾಸ್ತ್ರವನ್ನು ಕಲಿತವರು. ಊಟ, ಉಡುಪು, ಬರಹ, ಆಟ ಮುಂತಾದ ನಿತ್ಯದ ಕೆಲಸಗಳನ್ನು ರೋಗಿಯು ಮತ್ತೆ ಮಾಡುವಂತೆ ಸಹಾಯಮಾಡುವುದು ಆ ಶಾಸ್ತ್ರದ ಗುರಿ. ಬುದ್ಧಿಯಲ್ಲಿ ಕೊರತೆಯಿಲ್ಲದೆಯೂ ಓದುಬರಹದಲ್ಲಿ ಹಿಂದೆ ಬೀಳುವ ಮಕ್ಕಳು ಏಕೆ ಗುಂಡಿ ಹಾಕಿಕೊಳ್ಳಲಾರರು, ಏಕೆ ಯಾರಾದರೂ ಮೈ ಸೋಕಿದರೆ ಸಿಡುಕುತ್ತಾರೆ ಎಂದು ಅವರು ಕೇಳಿಕೊಂಡರು. ಸ್ಪರ್ಶ, ಚಲನೆ, ಕೀಲುಗಳ ಅರಿವು, ನೋಟ, ಶ್ರವಣಗಳಿಂದ ಬರುವ ಸುದ್ದಿಗಳನ್ನು ಮೆದುಳು ಒಂದಾಗಿ ಹೆಣೆಯಬೇಕು. ಆ ಹೆಣಿಗೆ ಸಡಿಲವಾದರೆ ಕಲಿಕೆಯೂ ನಡತೆಯೂ ಕೆಡುತ್ತವೆ ಎಂಬುದು ೧೯೭೨ರ ಅವರ ಗ್ರಂಥದ ಸಾರ. ೧೯೮೮ರಲ್ಲಿ ಅವರು ತೀರಿಕೊಂಡ ಮರುವರ್ಷ ಪ್ರಕಟವಾದ ಪರೀಕ್ಷಾಮಾಲೆಯಲ್ಲಿ ಹದಿನೇಳು ಪರೀಕ್ಷೆಗಳಿವೆ. ಕಣ್ಣಿಗೆ ಮರೆಮಾಡಿ ಯಾವ ಬೆರಳನ್ನು ಮುಟ್ಟಿದೆವೆಂದು ಕೇಳುವುದು, ಅಂಗೈಯ ಹಿಂಭಾಗದಲ್ಲಿ ಗೀಚಿದ ಆಕೃತಿಯನ್ನು ಮಗುವಿನಿಂದಲೇ ಮತ್ತೆ ಬರೆಸುವುದು, ಒಂಟಿಕಾಲಿನಲ್ಲಿ ನಿಲ್ಲಿಸುವುದು, ತಿರುಗುವ ಹಲಗೆಯ ಮೇಲೆ ಕೂರಿಸಿ ಇಪ್ಪತ್ತು ಸೆಕೆಂಡಿನಲ್ಲಿ ಹತ್ತು ಸುತ್ತು ತಿರುಗಿಸಿ ನಿಂತ ಮೇಲೆ ಕಣ್ಣುಗುಡ್ಡೆಗಳು ಎಷ್ಟು ಹೊತ್ತು ಹೊಯ್ದಾಡುತ್ತವೆಂದು ನೋಡುವುದು, ಇಂಥವು. ಇದಕ್ಕೆ ವಿಶೇಷ ತರಬೇತಿ ಪಡೆದವರೇ ಬೇಕು.

ಆದರೆ ಕೋಣೆಯೊಳಗಿನ ಒಂದು ಗಂಟೆಯ ಪರೀಕ್ಷೆಯಲ್ಲಿ ಮಗು ತನ್ನ ದಿನವೆಲ್ಲವನ್ನೂ ತೋರಿಸಲಾರದು. ಈ ಕೊರತೆಯನ್ನು ತುಂಬಿದವರು ವಿನ್ನಿ ಡನ್ ಎಂಬ ಅಮೆರಿಕದ ವಿದುಷಿ. ೧೯೯೯ರಲ್ಲಿ ಅವರು ಪ್ರಕಟಿಸಿದ ಪ್ರಶ್ನಾವಳಿಯನ್ನು ತುಂಬುವವರು ಹೆತ್ತವರು. ಅದರಲ್ಲಿ ೧೨೫ ಸಂಗತಿಗಳಿವೆ. ಇಂತಿಂಥ ಸಂದರ್ಭದಲ್ಲಿ ಮಗು ಹೀಗೆ ಮಾಡುವುದು ಯಾವಾಗಲೂ ಉಂಟೇ, ಕೆಲವು ಸಲವೇ, ಎಂದಿಗೂ ಇಲ್ಲವೇ ಎಂದು ಅವರು ಗುರುತು ಹಾಕಬೇಕು. ಮದಾಂ ಗೆರೆಯನ್ನು ಪಂಡಿತರ ಸಾಲಿನಲ್ಲಿ ಕೂರಿಸಿದಂತಾಯಿತು. ಡನ್ ಅವರ ವಿಂಗಡಣೆ ಸರಳವಾಗಿದೆ. ಕೆಲವು ಮಕ್ಕಳಿಗೆ ಸ್ವಲ್ಪ ಸದ್ದು, ಸ್ವಲ್ಪ ಸ್ಪರ್ಶ ಬೇಗನೆ ತಟ್ಟುತ್ತದೆ. ಕೆಲವರಿಗೆ ಬಹಳವಾದರೂ ತಟ್ಟುವುದಿಲ್ಲ. ತಟ್ಟಿದಾಗ ಕೆಲವರು ಸಹಿಸಿಕೊಂಡು ಒದ್ದಾಡುತ್ತಾರೆ, ಕೆಲವರು ದೂರ ಓಡುತ್ತಾರೆ. ತಟ್ಟದಾಗ ಕೆಲವರು ಮಂಕಾಗಿ ಕೂಡುತ್ತಾರೆ, ಕೆಲವರು ಹುಡುಕಿಕೊಂಡು ಹೋಗಿ ಕುಣಿದು ಸುತ್ತಿ ಹಾಯುತ್ತಾರೆ. ಹೀಗೆ ನಾಲ್ಕು ಬಗೆ. ನಾವು ಪ್ರತಿಯೊಬ್ಬರೂ ಇವುಗಳಲ್ಲಿ ಯಾವುದೋ ಒಂದರ ಕಡೆಗೆ ಸ್ವಲ್ಪ ವಾಲಿರುವವರೇ. ಆ ವಾಲುವಿಕೆ ಊಟ, ನಿದ್ದೆ, ಆಟ, ಪಾಠಗಳಿಗೆ ಅಡ್ಡಿಯಾದಾಗ ಮಾತ್ರ ಸಹಾಯ ಬೇಕಾಗುತ್ತದೆ.

ಇಷ್ಟು ಹೇಳಿದ ಮೇಲೆ ಈ ವಿಷಯದಲ್ಲಿರುವ ವಿವಾದವನ್ನೂ ಹೇಳದಿದ್ದರೆ ಅರ್ಧ ಸತ್ಯವಾದೀತು. ಇಂದ್ರಿಯ ಸಂವೇದನೆಯ ಭಿನ್ನತೆಯನ್ನು ಒಂದು ಪ್ರತ್ಯೇಕ ರೋಗವೆಂದು ಪರಿಗಣಿಸಬೇಕೆ ಎಂಬುದರಲ್ಲಿ ವೈದ್ಯರಲ್ಲಿ ಒಮ್ಮತವಿಲ್ಲ. ಅಮೆರಿಕದ ಶಿಶುವೈದ್ಯರ ಅಕಾಡೆಮಿಯು ೧೦ ವರ್ಷಗಳಿಗೂ ಹಿಂದೆ, ೨೦೧೨ರಲ್ಲಿ, ಇದನ್ನು ಪ್ರತ್ಯೇಕ ರೋಗನಾಮವಾಗಿ ಬಳಸಬಾರದೆಂದೂ, ಆಟಿಸಂ, ಗಮನದ ಕೊರತೆ ಮುಂತಾದವು ಹಿಂದೆ ಇವೆಯೇ ಎಂದು ನೋಡಬೇಕೆಂದೂ, ಚಿಕಿತ್ಸೆಯ ಫಲದ ಬಗ್ಗೆ ಸಿಕ್ಕಿರುವ ಆಧಾರ ಸೀಮಿತವೆಂದು ಹೆತ್ತವರಿಗೆ ತಿಳಿಸಬೇಕೆಂದೂ ಸೂಚಿಸಿತು. ೨೦೧೩ರಲ್ಲಿ ಪ್ರಕಟವಾದ ಅಮೆರಿಕದ ಮನೋವೈದ್ಯರ ಕೈಪಿಡಿಯ ಐದನೆಯ ಆವೃತ್ತಿಯಲ್ಲಿ ಇದಕ್ಕೆ ಬೇರೆ ಸ್ಥಾನ ದೊರೆಯಲಿಲ್ಲ; ಆದರೆ ಸದ್ದು, ಸ್ಪರ್ಶ, ನೋವುಗಳಿಗೆ ಅತಿಯಾಗಿ ಅಥವಾ ತೀರ ಕಡಿಮೆಯಾಗಿ ಸ್ಪಂದಿಸುವುದನ್ನು ಆಟಿಸಂನ ಲಕ್ಷಣಗಳಲ್ಲೊಂದಾಗಿ ಮೊದಲ ಸಲ ಸೇರಿಸಲಾಯಿತು. ಹೀಗೆ ಹೆಸರಿನ ಜಗಳ ಉಳಿದಿದೆ; ಕಿವಿ ಮುಚ್ಚಿಕೊಂಡು ಅಳುವ ಮಗುವಿನ ಸಂಕಟ ನಿಜವೇ ಎಂಬುದರಲ್ಲಿ ಜಗಳವಿಲ್ಲ.

ನಮ್ಮ ದೇಶದಲ್ಲಿ ಈ ಶಾಸ್ತ್ರದ ಬೇರು ೧೯೫೦ರಷ್ಟು ಹಿಂದಿನದು. ಅಮೆರಿಕದಲ್ಲಿ ಹುಟ್ಟಿ ಭಾರತದ ಸೊಸೆಯಾಗಿ ಬಂದ ಕಮಲಾ ನಿಂಬ್ಕರ್ ಅವರು ಆ ವರ್ಷ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಆಕ್ಯುಪೇಷನಲ್ ಥೆರಪಿಯ ಮೊದಲ ಶಾಲೆಯನ್ನು ಆರಂಭಿಸಿದರು. ೧೯೬೫ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಕಿವಿಯ ಪರೀಕ್ಷೆಯಲ್ಲಿ ನಾಡಿಗೇ ನೆರವಾಗಿದೆ. ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆಯೊಂದು ರೂಪಿಸಿದ ಆಟಿಸಂ ಪರೀಕ್ಷೆಯ ಭಾರತೀಯ ಮಾನಕದಲ್ಲಿ ೪೦ ಅಂಶಗಳಿದ್ದು, ಇಂದ್ರಿಯ ಸಂವೇದನೆಗೇ ಒಂದು ಭಾಗ ಮೀಸಲಾಗಿದೆ. ೨೦೧೬ರ ವಿಕಲಾಂಗರ ಹಕ್ಕುಗಳ ಕಾಯಿದೆ ಆಟಿಸಂ ಮತ್ತು ನಿರ್ದಿಷ್ಟ ಕಲಿಕಾ ನ್ಯೂನತೆಗಳನ್ನು ಪಟ್ಟಿಯಲ್ಲಿ ಸೇರಿಸಿತು.

ಆದರೆ ಪಶ್ಚಿಮದ ಪ್ರಶ್ನಾವಳಿಗಳನ್ನು ಕನ್ನಡಕ್ಕೆ ಮಾತುಮಾತಿಗೆ ಇಳಿಸಿ ಮಗುವನ್ನು ಅಳೆಯುವುದರಲ್ಲಿ ಒಂದು ತೊಡಕಿದೆ. ಅಂಥ ಮಾನಕಗಳು ಅಮೆರಿಕದ ಮಕ್ಕಳನ್ನು ನೋಡಿ ಗೊತ್ತುಮಾಡಿದವು. ಚಮಚದಲ್ಲಿ ಉಣ್ಣುವ ಮಗುವಿನ ಬೆರಳಿಗೂ ಸಾರನ್ನ ಕಲಸಿ ಉಣ್ಣುವ ಮಗುವಿನ ಬೆರಳಿಗೂ ಅನುಭವ ಒಂದೇ ಅಲ್ಲ. ಬರಿಗಾಲಿನಲ್ಲಿ ಹುಲ್ಲು ಮರಳಿನ ಮೇಲೆ ನಡೆಯಲು ಹಿಂಜರಿಯುವುದೆ ಎಂಬ ಪ್ರಶ್ನೆಗೆ ಮೂರು ಹೊತ್ತೂ ಬರಿಗಾಲಿನಲ್ಲಿರುವ ಮಗುವಿನ ಮನೆಯಲ್ಲಿ ಬೇರೆ ತೂಕ. ಎಣ್ಣೆಸ್ನಾನ, ತಲೆ ಬಾಚಿ ಬಿಗಿಯಾಗಿ ಹೆಣೆಯುವ ಜಡೆ, ಕುಕ್ಕರಿನ ಸಿಳ್ಳು, ದೀಪಾವಳಿಯ ಪಟಾಕಿ, ಕೂಡುಮನೆಯ ಗದ್ದಲ, ಅರವತ್ತು ಮಕ್ಕಳು ಒಟ್ಟಿಗೆ ಮಗ್ಗಿ ಹೇಳುವ ತರಗತಿ, ಇವು ನಮ್ಮ ಮಕ್ಕಳ ಇಂದ್ರಿಯಲೋಕ. ಇಲ್ಲಿನ ಮಗುವನ್ನು ಅರಿಯಲು ಇವುಗಳನ್ನು ಕುರಿತೇ ಪ್ರಶ್ನೆ ಹಾಕಬೇಕು.

ಹಾಗಾದರೆ ಹೆತ್ತವರು ಮಾಡಬೇಕಾದುದೇನು? ಮೊದಲು ಕಿವಿ, ಕಣ್ಣುಗಳ ಪರೀಕ್ಷೆ ಆಗಲೇಬೇಕು. ಬಿಸ್ಕತ್ತಿನ ಸದ್ದಿಗೆ ಓಡಿ ಬಂದ ಮಾತ್ರಕ್ಕೆ ಕಿವಿ ಪೂರ್ತಿ ಸರಿಯಾಗಿದೆಯೆಂದು ಹೇಳಲಾಗದು. ಕೆಲವು ಸ್ವರಗಳು ಮಾತ್ರ ಕೇಳಿಸದಿರುವುದೂ ಉಂಟು. ಉತ್ತರ ಹೇಳಲಾರದ ಮಗು ನಿದ್ರಿಸುತ್ತಿರುವಾಗಲೇ ಶ್ರವಣನರದ ಸ್ಪಂದನವನ್ನು ಅಳೆಯುವ ಯಂತ್ರಗಳು ಈಗ ಇವೆ. ಅನಂತರ ಮಕ್ಕಳ ವೈದ್ಯರ ಮೂಲಕ ಮಗುವಿನ ಒಟ್ಟು ಬೆಳವಣಿಗೆಯ ಪರಿಶೀಲನೆ. ಅಗತ್ಯವಿದ್ದರೆ ತರಬೇತಾದ ಥೆರಪಿಸ್ಟರ ಬಳಿಗೆ. ಒಂದೇ ಭೇಟಿಯಲ್ಲಿ ಹೆಸರು ಹಚ್ಚಿ ಗುಣಮಾಡಿಕೊಡುವೆವೆಂದು ಮಾತು ಕೊಡುವವರನ್ನು ದೂರವಿಡುವುದು ಕ್ಷೇಮ. ಚಿಕಿತ್ಸೆಗೆ ಮೊದಲೇ ಏನು ಬದಲಾಗಬೇಕೆಂದು ಗೊತ್ತುಮಾಡಿಕೊಳ್ಳಬೇಕು: ಅಳದೆ ತಲೆ ಬಾಚಿಸಿಕೊಳ್ಳುವುದು, ಪ್ರಾರ್ಥನೆಯ ಹೊತ್ತಿನಲ್ಲಿ ಸಾಲಿನಲ್ಲಿ ನಿಲ್ಲುವುದು, ಇಂಥ ಸಣ್ಣ ಸಂಗತಿಗಳು. ಕೆಲವು ತಿಂಗಳಲ್ಲಿ ಅದು ಕಾಣದಿದ್ದರೆ ಮತ್ತೆ ಯೋಚಿಸಬೇಕು.

ಇವೆಲ್ಲಕ್ಕೂ ಮೊದಲು, ಹಣವಿಲ್ಲದೆ ಮಾಡಬಹುದಾದ ಒಂದು ಕೆಲಸವಿದೆ. ಎರಡು ವಾರ ಒಂದು ನೋಟುಬುಕ್ಕಿನಲ್ಲಿ, ಮಗು ಯಾವಾಗ ರೇಗಿತು, ಯಾವಾಗ ಮಂಕಾಯಿತು, ಆಗ ಎಲ್ಲಿತ್ತು, ಸುತ್ತ ಏನು ಸದ್ದಿತ್ತು, ಮೈಮೇಲೆ ಯಾವ ಬಟ್ಟೆಯಿತ್ತು, ಏನು ಮಾಡಿದ ಮೇಲೆ ಶಾಂತವಾಯಿತು ಎಂದು ಬರೆದಿಡುವುದು. ಉಪಾಧ್ಯಾಯರು ತರಗತಿಯಲ್ಲಿ ಇದನ್ನೇ ಮಾಡಬಹುದು. ಗಂಟೆಯ ಕೆಳಗಿನ ಬೆಂಚಿನಿಂದ ಕಿಟಕಿಯ ಪಕ್ಕಕ್ಕೆ ಒಂದು ಮಗುವನ್ನು ಕೂರಿಸಲು, ಒರೆಸುವ ಹಲಗೆಯ ಕೆಲಸವನ್ನು ಕುಳಿತಿರಲಾರದ ಹುಡುಗನಿಗೇ ವಹಿಸಲು ಯಾವ ಸರ್ಕಾರದ ಆಜ್ಞೆಯೂ ಬೇಕಿಲ್ಲ. ಇತಾರ್ ವಿಕ್ಟರನನ್ನು ಕುರಿತು ಬರೆದ ಪುಟಗಳಲ್ಲಿ ಇಂದಿಗೂ ಉಪಯೋಗಕ್ಕೆ ಬರುವವು ಅವನು ಏಟು ಕೊಟ್ಟ ದಿನಗಳವಲ್ಲ, ಸುಮ್ಮನೆ ನಿಂತು ನೋಡಿ ಬರೆದ ದಿನಗಳವು. ಮುಂದಿನ ಸಲ ನಮ್ಮ ಮನೆಯ ಮಗು ಮಾತು ಕೇಳದಿದ್ದಾಗ ಬೈಯುವ ಮೊದಲು, ಈ ಗಳಿಗೆಯಲ್ಲಿ ಅದರ ಕಿವಿಗೆ, ಚರ್ಮಕ್ಕೆ, ಮೈಗೆ ಏನೇನು ಕೇಳಿಸುತ್ತಿದೆ ಎಂದು ಒಂದು ನಿಮಿಷ ನಿಂತು ನೋಡೋಣ.